ಒಡೆದ ನಾಲೆ, ಗೇಜ್ ಪುಸ್ತಕ ಮತ್ತು ನಮ್ಮ ಕೇಸು

ಮಳೆ ಜಾಸ್ತಿಯಾಗಿ ಬೆಳೆ ಹೋದರೆ ಸರ್ಕಾರ ಪರಿಹಾರ ಕೊಡುತ್ತದೆ. ಇದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಅಂಥ ಮಳೆಯೇ ಇಲ್ಲದೆ, ನಾಲೆ ಏರಿ ಒಡೆದು ಬೆಳೆ ಹೋದರೆ ಯಾರನ್ನು ಕೇಳಬೇಕು? ತಾಲ್ಲೂಕು ಕಚೇರಿಯವರು ನೀರಾವರಿ ನಿಗಮದ ಕಡೆ ಕೈ ತೋರಿಸಿದರು. ನಿಗಮದವರು ತಾಲ್ಲೂಕು ಕಚೇರಿ ಕಡೆ ತೋರಿಸಿದರು. ಕೊನೆಗೆ ನಾವು ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದೆವು. ಕೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಕ್ಕಿತು. ಈಗ ಅದು ಮೇಲ್ಮನವಿಯಲ್ಲಿದೆ. ಹಾಗಾಗಿ ನಾಲೆಯ ಹೆಸರು, ನಿಗಮದ ಹೆಸರು ಇಲ್ಲಿ ಬರೆಯುವುದಿಲ್ಲ. ಮಧ್ಯ ಕರ್ನಾಟಕದ ಒಂದು ಅಚ್ಚುಕಟ್ಟು ಅಂದುಕೊಂಡರೆ ಸಾಕು.

ಹೊಲ ಅವ್ವನ ಹೆಸರಿನಲ್ಲಿದೆ. ಎರಡು ಎಕರೆ ಹತ್ತು ಗುಂಟೆ, ಶಾಖಾ ನಾಲೆಯ ಕೆಳಗೇ ಇದೆ. ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ಒಂದು ರಾತ್ರಿ ತೂಬಿನ ಪಕ್ಕದಲ್ಲಿ ಏರಿ ಕುಸಿಯಿತು. ಮೇಲಿನ ಗೇಟು ಇಳಿಸುವ ಹೊತ್ತಿಗೆ ಬೆಳಗಾಗಿತ್ತು. ನೀರೇನೋ ಮಾರನೇ ದಿನ ಹಳ್ಳಕ್ಕೆ ಇಳಿದು ಹೋಯಿತು. ಭತ್ತ ಒಂದು ದಿನದ ನೀರನ್ನು ತಡೆಯುತ್ತದೆ. ತಡೆಯಲಾಗದ್ದು ನೀರಿನ ಜೊತೆ ಬಂದ ಮರಳು ಮತ್ತು ಗರಸು. ನಾಲೆಗೆ ಹಾಕಿದ್ದ ಕಾಂಕ್ರೀಟ್ ಹಲಗೆಗಳೂ ಬಂದು ಹೊಲದ ನಡುವೆ ಬಿದ್ದಿದ್ದವು.

ನಾಲೆ ಯಾಕೆ ಒಡೆಯುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಕೇಸಿನ ನೆಪದಲ್ಲಿ ಕಲಿತೆ. ಎರಡು ಸಂಗತಿ ಮುಖ್ಯ. ಒಂದು, ತೂಬಿನ ಪೈಪು ಏರಿಯ ಹೊಟ್ಟೆಯೊಳಗೆ ಹಾದುಹೋಗುವ ಜಾಗ ಯಾವಾಗಲೂ ಮೆದು. ಪೈಪಿನ ಹೊರಮೈಗೂ ಮಣ್ಣಿಗೂ ನಡುವೆ ನೀರು ಜಿನುಗಲು ಶುರುವಾದರೆ ಅದು ಸ್ವಲ್ಪಸ್ವಲ್ಪವೇ ಮಣ್ಣನ್ನು ಹೊರಗೆ ಸಾಗಿಸುತ್ತದೆ. ಹೊರಬರುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಕೆಂಪಗೆ, ಕದಡಿಕೊಂಡು ಬಂದರೆ ಒಳಗೆ ಸುರಂಗ ಆಗುತ್ತಿದೆ ಅಂತ ಅರ್ಥ. ಎರಡು, ತುಂತುರು ಮಳೆ ಬಂದ ಕೂಡಲೇ ಮೇಲಿನ ಊರುಗಳ ರೈತರು ತೂಬು ಮುಚ್ಚುತ್ತಾರೆ. ಅವರ ಹೊಲಕ್ಕೆ ನೀರು ಸಾಕಾಗಿರುತ್ತದೆ. ಆದರೆ ಅಣೆಕಟ್ಟೆಯಿಂದ ಬಿಟ್ಟ ನೀರು ದಾರಿಯಲ್ಲೇ ಇರುತ್ತದೆ, ಅಲ್ವಾ? ಅದು ನಾಲೆಯಲ್ಲೇ ಏರುತ್ತಾ ಹೋಗುತ್ತದೆ. ಅದಕ್ಕಂತಲೇ ಅಲ್ಲಲ್ಲಿ ಎಸ್ಕೇಪ್ ಗೇಟು ಇಟ್ಟಿರುತ್ತಾರೆ. ಅದನ್ನು ತೆರೆದರೆ ಹೆಚ್ಚಾದ ನೀರು ಹಳ್ಳಕ್ಕೆ ಹೋಗುತ್ತದೆ. ನಮ್ಮ ಊರಿನ ಮೇಲಿದ್ದ ಎಸ್ಕೇಪ್ ಗೇಟಿನ ಸ್ಕ್ರೂ ತುಕ್ಕು ಹಿಡಿದು ಅಲುಗಾಡುತ್ತಿರಲಿಲ್ಲ. ನೀರು ಬಿಡುವ ಸೌಡಿ ಇದನ್ನು ಬಾಯಿಮಾತಿನಲ್ಲಿ ಮೇಲಿನವರಿಗೆ ಹೇಳಿದ್ದನಂತೆ. ಅವನು ಹೊರಗುತ್ತಿಗೆ ನೌಕರ. ತಿಂಗಳುಗಟ್ಟಲೆ ಸಂಬಳ ಬಾಕಿ. ಅವನನ್ನು ಸಾಕ್ಷಿ ಕಟ್ಟೆಗೆ ಎಳೆಯುವುದು ಬೇಡ ಅಂತ ಅವ್ವ ಮೊದಲೇ ಹೇಳಿಬಿಟ್ಟಿದ್ದರು. ಎಳೆಯಲಿಲ್ಲ.

ಮೊದಲ ವಾರದ ಕೆಲಸವೇ ಕೊನೆಗೆ ಕೇಸನ್ನು ನಿಲ್ಲಿಸಿದ್ದು. ಗ್ರಾಮ ಆಡಳಿತ ಅಧಿಕಾರಿ ಬಂದರು, ಹೊಲದ ಬದುವಿನ ಮೇಲೆ ನಿಂತು ಒಂದು ಫೋಟೋ ಹೊಡೆದರು, 'ಭತ್ತ, ಬೆಳೆ ಹಾನಿ, ನೂರಕ್ಕೆ ನೂರು' ಅಂತ ಬರೆದುಕೊಂಡರು. ಹೊರಡುವಾಗ ನಮ್ಮ ಚಿಕ್ಕಪ್ಪ ಅಡ್ಡ ನಿಂತರು.

'ಸರ್, ಮರಳು ಎಷ್ಟು ದಪ್ಪ ನಿಂತಿದೆ ಅಂತ ಬರೀಲಿಲ್ಲ.'

'ಅದೆಲ್ಲ ಬೇಕಾಗಲ್ಲ ಯಜಮಾನ್ರೇ, ಬೆಳೆ ಪೂರ್ತಿ ಹೋಗಿದೆ ಅಂತ ಬರೆದಿದೀನಲ್ಲ.'

'ಬೆಳೆ ಒಂದು ಬೆಳೆಗೆ ಹೋಯ್ತು. ಮರಳು ತೆಗೆಸೋ ತನಕ ಮುಂದಿನ ಬೆಳೇನೂ ಇಲ್ಲ.'

ಚಿಕ್ಕಪ್ಪ ಹಾರೆ ತಂದರು. ನಾಲ್ಕು ಮೂಲೆ ಮತ್ತು ನಡುವೆ ಮರಳನ್ನು ಬಗೆದು ಗುಂಡಿ ತೋಡಿದೆವು. ಮೇಲೆ ಬಿಳಿ ಮರಳು, ಅದರ ಕೆಳಗೆ ಗರಸು, ಆಮೇಲೆ ಮಲಗಿದ ಭತ್ತದ ಪೈರು, ಅದರಡಿ ನಮ್ಮ ಕಪ್ಪು ಮಣ್ಣು. ಪೈರು ಅಲ್ಲಿ ಪುಸ್ತಕದ ನಡುವೆ ಒತ್ತಿಟ್ಟ ಎಲೆಯ ಹಾಗೆ ಚಪ್ಪಟೆಯಾಗಿತ್ತು. ಬಟ್ಟೆ ಅಳೆಯುವ ಟೇಪನ್ನು ಗುಂಡಿಯೊಳಗೆ ಇಳಿಬಿಟ್ಟು, ಅಂಕಿ ಕಾಣುವ ಹಾಗೆ ಫೋಟೋ ತೆಗೆದೆ. ನಾಲೆ ಕಡೆಯ ಮೂಲೆಯಲ್ಲಿ ಮೊಣಕಾಲವರೆಗೆ ಮರಳು, ಹಳ್ಳದ ಕಡೆ ಒಂದು ಗೇಣಿಗಿಂತ ಕಡಿಮೆ. ಅಧಿಕಾರಿ ಒಳ್ಳೆಯವರೇ. ಮತ್ತೆ ಕೂತು ಐದೂ ಜಾಗದ ಅಳತೆ ಬರೆದು, ಮಹಜರಿಗೆ ಪಕ್ಕದ ಹೊಲದವರ ಸಹಿ ಹಾಕಿಸಿದರು. ಒಡೆದ ಜಾಗದ ಅಗಲವನ್ನೂ ಅಳೆದು ಸೇರಿಸಿದರು.

ಈ ಅಳತೆಗೆ ಬೆಲೆ ಇದೆ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ನಿಯಮದಲ್ಲಿ ನೀರಾವರಿ ಬೆಳೆ ಹೋದರೆ ಹೆಕ್ಟೇರಿಗೆ 17,000 ರೂಪಾಯಿ, ಖುಷ್ಕಿಯಾದರೆ 8,500. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು. ಇದು ಬಿಟ್ಟು, ಹೊಲದಲ್ಲಿ 3 ಇಂಚಿಗಿಂತ ದಪ್ಪ ಮರಳು ಅಥವಾ ಹೂಳು ನಿಂತಿದ್ದರೆ ಅದನ್ನು ತೆಗೆಸಲು ಹೆಕ್ಟೇರಿಗೆ 18,000. ದಾಖಲೆಯಲ್ಲಿ ಇಂಚು ಬರೆಯದಿದ್ದರೆ ಈ ಎರಡನೆಯದು ಸಿಗುವುದೇ ಇಲ್ಲ. ನಮ್ಮ ಹೊಲ ಒಂದು ಹೆಕ್ಟೇರಿಗೆ ಸ್ವಲ್ಪ ಕಡಿಮೆ. ಎರಡೂ ಸೇರಿ ಲೆಕ್ಕ ಹಾಕಿದರೆ 32,000ದ ಹತ್ತಿರ. ಜೆಸಿಬಿಯವನು ಬಂದು ನೋಡಿ ಹೇಳಿದ ಮೊತ್ತ ಅದರ ಹಲವು ಪಟ್ಟು.

ಆದರೆ ಆ ಹಣಕ್ಕೂ ತಕರಾರು ಬಂತು. ಇದು ಪ್ರಕೃತಿ ವಿಕೋಪ ಅಲ್ಲ, ನಿಗಮದ ವಿಷಯ ಅಂತ ಒಬ್ಬ ಕೇಸ್ ವರ್ಕರ್ ಕಡತವನ್ನು ಹಿಡಿದಿಟ್ಟರು. ನಿಗಮದ ಎಂಜಿನಿಯರ್ ಮಾತ್ರ, ಇದು ಅತಿವೃಷ್ಟಿ, ಕಂದಾಯ ಇಲಾಖೆಯೇ ಕೊಡಬೇಕು ಅಂತ ಪತ್ರ ಬರೆದುಕೊಟ್ಟರು. ಆ ಪತ್ರದ ನಕಲನ್ನು ತಹಶೀಲ್ದಾರರಿಗೆ ಕೊಟ್ಟ ಮೇಲೆ ಕಡತ ಅಲುಗಾಡಿತು. ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ), ಆಧಾರ್ ಜೋಡಣೆ ಸರಿ ಇದ್ದಿದ್ದರಿಂದ ಹಣ ಅವ್ವನ ಖಾತೆಗೆ ಬಂತು.

ಅದನ್ನು ತೆಗೆದುಕೊಂಡರೆ ಮುಂದೆ ಕೇಸು ಹಾಕಲು ಬರುವುದಿಲ್ಲ ಅಂತ ಊರಲ್ಲಿ ಒಂದು ಮಾತು ಓಡಾಡುತ್ತಿತ್ತು. ಸುಳ್ಳು. ಅದು ಸರ್ಕಾರದ ನೆರವು. ನಾಲೆ ನೋಡಿಕೊಳ್ಳಬೇಕಾದವರು ನೋಡಿಕೊಳ್ಳಲಿಲ್ಲ ಅಂತ ಕೋರ್ಟಿನಲ್ಲಿ ಕೇಳುವ ಹಣ ಬೇರೆ. ಹೆಚ್ಚೆಂದರೆ ಕೋರ್ಟು ಮೊದಲಿನದನ್ನು ಎರಡನೆಯದರಿಂದ ಕಳೆಯುತ್ತದೆ. ನಮಗೆ ಹಾಗೇ ಮಾಡಿತು. 'ಪೂರ್ಣ ಮತ್ತು ಅಂತಿಮ' ಅಂತ ಬರೆದ ಯಾವ ಕಾಗದಕ್ಕೂ ಸಹಿ ಹಾಕಬಾರದು, ಅಷ್ಟೇ.

ಬೆಳೆ ವಿಮೆಯ ಕಥೆ ಚಿಕ್ಕದು. 72 ಗಂಟೆಯೊಳಗೆ ತಿಳಿಸಿದೆವು. ಭತ್ತ ನೀರಲ್ಲೇ ಬೆಳೆಯುವ ಬೆಳೆ, 2018ರ ಮಾರ್ಗಸೂಚಿಯಿಂದಾಚೆ ಅದರ ಹೊಲದಲ್ಲಿ ನೀರು ನಿಂತಿದ್ದಕ್ಕೆ ವಿಮೆ ಇಲ್ಲ ಅಂದರು. ನಿಂತಿದ್ದು ನೀರಲ್ಲ ಮರಳು ಅಂದೆ. ಕೇಳಿಸಿಕೊಳ್ಳಲಿಲ್ಲ.

ವಕೀಲರ ಫೀಸು, ಕೋರ್ಟ್ ಫೀ ಎಲ್ಲಿಂದ ತರುವುದು ಅನ್ನುವ ಚಿಂತೆಯಲ್ಲೇ ಊರಿನ ಹೆಚ್ಚಿನವರು ಸುಮ್ಮನಾದರು. ಇಲ್ಲಿ ಜನಕ್ಕೆ ಗೊತ್ತಿಲ್ಲದ ಒಂದು ದಾರಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಯಾರ್ಯಾರಿಗೆ ಉಚಿತ ಕಾನೂನು ನೆರವು ಅಂತ ಪಟ್ಟಿ ಇದೆ. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು ಅದರಲ್ಲಿದ್ದಾರೆ. ಪ್ರವಾಹ, ಬರ, ಭೂಕಂಪದಿಂದ ಕಷ್ಟಕ್ಕೆ ಸಿಕ್ಕವರೂ ಇದ್ದಾರೆ. ಅವ್ವನಿಗೆ ಎರಡು ಕಡೆಯಿಂದ ಅರ್ಹತೆ. ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟೆವು. ಪ್ಯಾನಲ್ ವಕೀಲರೊಬ್ಬರನ್ನು ನೇಮಿಸಿದರು, ಕೋರ್ಟ್ ಶುಲ್ಕದ ಭಾರವೂ ತಪ್ಪಿತು. ಪ್ಯಾನಲ್ ವಕೀಲರೆಂದರೆ ಕಾಟಾಚಾರಕ್ಕೆ ನಡೆಸುತ್ತಾರೆ ಅನ್ನುವ ಮಾತಿದೆ. ನಮಗೆ ಸಿಕ್ಕ ಮೇಡಂ ಹೊಲಕ್ಕೇ ಬಂದು, ಸೀರೆ ಎತ್ತಿ ಕಟ್ಟಿ ಏರಿ ಮೇಲೆ ನಡೆದು ನೋಡಿದರು.

ಮೊದಲು ಅವರು ಕೇಳಿದ್ದು ನಾಲೆ ಒಡೆದ ತಾರೀಖು.

'ಮೂರು ವರ್ಷ ಟೈಮ್ ಇದೆ ಅಂತಾರಲ್ಲ ಮೇಡಂ?'

'ಇರಬಹುದು. ಆದ್ರೆ ಒಂದು ವರ್ಷ ಅಂತಾನೂ ವಾದ ಮಾಡ್ತಾರೆ. ನಾವು ವರ್ಷದೊಳಗೇ ಹಾಕೋಣ, ತಲೆನೋವು ಬೇಡ.'

ಕಾಲಮಿತಿ ಕಾಯ್ದೆಯ 72ನೇ ಅನುಚ್ಛೇದ ಪ್ರಕಾರ, ಕಾನೂನಿನಂತೆ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸಕ್ಕೆ ನಷ್ಟ ಕೇಳುವುದಾದರೆ ಒಂದೇ ವರ್ಷ. ಸಾಮಾನ್ಯವಾಗಿ ಬೇರೆಲ್ಲೂ ಸೇರದ ದಾವೆಗಳಿಗೆ 113ನೇ ಅನುಚ್ಛೇದದಂತೆ ಮೂರು ವರ್ಷ. ನಾಲೆ ಒಡೆದದ್ದು ಇವೆರಡರಲ್ಲಿ ಯಾವುದು ಅನ್ನುವುದೇ ಜಗಳ. ಇನ್ನೊಂದು, ಸರ್ಕಾರದ ಮೇಲೆ ದಾವೆ ಹಾಕಬೇಕೆಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸು ಮೊದಲು ಕೊಡಬೇಕು. ಜಿಲ್ಲಾಧಿಕಾರಿಗೆ ಕೊಟ್ಟರೆ ಆಗುತ್ತದೆ. ಆ ಎರಡು ತಿಂಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಡುತ್ತಾರೆ. ನಿಗಮ ಕಂಪನಿ ಕಾಯ್ದೆಯಡಿ ಆದ ಕಂಪನಿ, ಅದಕ್ಕೆ ಈ ನೋಟಿಸು ಬೇಕೇ ಬೇಕು ಅಂತೇನಿಲ್ಲ. ಮೇಡಂ ಅದಕ್ಕೂ ಕಳಿಸಿದರು. ಯಾವ ಎಂಜಿನಿಯರನ್ನೂ ಹೆಸರು ಹಿಡಿದು ಪ್ರತಿವಾದಿ ಮಾಡಲಿಲ್ಲ. ಹಣ ಕೊಡಬೇಕಾದ್ದು ನಿಗಮ, ಮನುಷ್ಯನಲ್ಲ ಅನ್ನುವುದು ಅವರ ಲೆಕ್ಕ. ನನಗೆ ಆಗ ಸಿಟ್ಟಿತ್ತು, ಒಪ್ಪಲು ಕಷ್ಟವಾಯಿತು.

ನೋಟಿಸಿನ ಎರಡು ತಿಂಗಳು ಕಾಯುವಾಗ ನಾನು ಮಾಹಿತಿ ಹಕ್ಕಿನ ಅರ್ಜಿಗಳನ್ನು ಹಾಕಿದೆ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ಶುಲ್ಕ 10 ರೂಪಾಯಿ. ಹಾಗಾಗಿ ವಿಷಯಕ್ಕೊಂದು ಅರ್ಜಿ. ಒಂದು ನಾಲೆ ದುರಸ್ತಿಯ ಬಿಲ್ಲುಗಳಿಗೆ, ಒಂದು ಎಸ್ಕೇಪ್ ಗೇಟಿನ ನಿರ್ವಹಣೆಗೆ, ಒಂದು ಆ ತಿಂಗಳ ಗೇಜ್ ಪುಸ್ತಕಕ್ಕೆ. ನಕಲು ಕೇಳುವ ಬದಲು ದಾಖಲೆಯನ್ನು ಕೂತು ನೋಡಲೂ ಕೇಳಬಹುದು. ನಾನು ಅದನ್ನೇ ಕೇಳಿದೆ. ನಕಲು ಕೇಳಿದರೆ ಅವರು ಹುಡುಕಿಕೊಟ್ಟದ್ದಷ್ಟೇ ಸಿಗುತ್ತದೆ. ಪುಸ್ತಕವೇ ಮುಂದಿದ್ದರೆ ಹಿಂದಿನ ಮುಂದಿನ ಹಾಳೆಗಳೂ ಕಾಣುತ್ತವೆ.

ಗೇಜ್ ಪುಸ್ತಕ ಅಂದರೆ ನಾಲೆಯಲ್ಲಿ ಎಷ್ಟು ಅಡಿ ನೀರು ಹರಿಯುತ್ತಿದೆ ಅಂತ ಆಗಾಗ ಬರೆದಿಡುವ ರಿಜಿಸ್ಟರು. ಉಪವಿಭಾಗದ ಕಚೇರಿಯ ಮೂಲೆಯ ಬೆಂಚಿನಲ್ಲಿ ಕೂತು ನೋಡಿದೆ. ನಾಲೆ ಒಡೆದ ದಿನದ ಸಂಜೆ ಪೂರ್ತಿ ಮಟ್ಟ ಬರೆದಿತ್ತು. ಅದರ ಕೆಳಗೆ ರಾತ್ರಿಯ ಸಾಲಿನಲ್ಲಿ 'ಸದರಿ', ಅಂದರೆ ಮೇಲಿನದ್ದೇ, ಅನ್ನುವ ಗುರುತು. ಬೆಳಗಿನ ಜಾವ, ಸದರಿ. ಬೆಳಗ್ಗೆ ಆರಕ್ಕೆ, ಸದರಿ. ಆ ಗೇಜು ಇದ್ದದ್ದು ಒಡೆದ ಜಾಗದಿಂದ ಕೆಳಗೆ. ನಾನೇ ಬೆಳಗ್ಗೆ ಆರಕ್ಕೆ ಅಲ್ಲಿ ನಿಂತಿದ್ದೆ. ನಾಲೆಯ ತಳದ ಕೆಸರಿನಲ್ಲಿ ಹುಡುಗರು ಮೀನು ಹಿಡಿಯುತ್ತಿದ್ದರು. ಅದರ ವಿಡಿಯೋ ಕೂಡ ಇತ್ತು.

ನಾನು ಏನೂ ಮಾತಾಡದೆ ಆ ಹಾಳೆಗಳ ದೃಢೀಕೃತ ನಕಲು ಕೇಳಿ ಪಡೆದೆ.

ಕೋರ್ಟಿನಲ್ಲಿ ನಿಗಮದ ಜವಾಬು ಉದ್ದಕ್ಕೆ ಇತ್ತು. ಮೊದಲನೆಯದು, ಅತಿವೃಷ್ಟಿ, ದೈವದ ಕೆಲಸ. ಇದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ದಾಖಲೆ ಸಾಕಾಯಿತು. ಹೋಬಳಿ ಮಟ್ಟದಲ್ಲಿ ಅವರ ಮಳೆ ಮಾಪಕಗಳಿವೆ. ಆ ವಾರ ಬಿದ್ದದ್ದು ತುಂತುರು. ಎರಡನೆಯದು, ನಾಲೆಯನ್ನು ನೀರು ಬಳಕೆದಾರರ ಸಹಕಾರ ಸಂಘಕ್ಕೆ ವಹಿಸಿದ್ದೇವೆ, ಅವರೇ ಹೊಣೆ. ಒಪ್ಪಂದ ತರಿಸಿ ನೋಡಿದರೆ ಸಂಘಕ್ಕೆ ಕೊಟ್ಟದ್ದು ವಿತರಣಾ ನಾಲೆಯಿಂದ ಕೆಳಗೆ ಮಾತ್ರ. ಒಡೆದದ್ದು ಅದಕ್ಕೂ ಮೇಲಿನ ಶಾಖಾ ನಾಲೆ. ಮೂರನೆಯದು, ನಾಲೆ ಆಧುನೀಕರಣದ ಗುತ್ತಿಗೆದಾರ ತನ್ನ ಕೆಲಸದ ದೋಷಕ್ಕೆ ಹೊಣೆಯಾಗಿರುವ ಅವಧಿ ಇನ್ನೂ ಮುಗಿದಿಲ್ಲ, ಅವನನ್ನು ಕೇಳಿ. ಅದು ನಿಮ್ಮಿಬ್ಬರ ನಡುವಿನ ಒಪ್ಪಂದ, ರೈತ ಅದರಲ್ಲಿ ಪಕ್ಷಕಾರನಲ್ಲ ಅಂತ ಮೇಡಂ ವಾದಿಸಿದರು. ನಾಲ್ಕನೆಯದು ನಮಗೆ ನೋವಾದದ್ದು. ರೈತರೇ ಏರಿ ಕೊರೆದು ಅಕ್ರಮವಾಗಿ ಪೈಪು ಹಾಕಿದ್ದರು ಅಂತ. ಸುಳ್ಳು ಅಂತ ಪೂರ್ತಿ ಹೇಳಲಾರೆ. ಮೇಲಿನ ಊರುಗಳಲ್ಲಿ ಹಾಕಿದವರಿದ್ದಾರೆ, ಕೊನೆಯ ಭಾಗಕ್ಕೆ ನೀರು ಬಾರದಿರುವುದಕ್ಕೆ ಅವರೂ ಕಾರಣ. ಆದರೆ ಒಡೆದ ಜಾಗದಲ್ಲಿ ಇದ್ದದ್ದು ಇಲಾಖೆಯ ತೂಬಿನ ಪೈಪು ಒಂದೇ. ಮಹಜರಿನಲ್ಲಿ ಅದನ್ನೂ ಬರೆದಿತ್ತು.

ಕಾನೂನಿನ ವಾದದಲ್ಲಿ ಎರಡು ಹಳೆಯ ತೀರ್ಪುಗಳು ಎದುರುಬದುರಾದವು. ನಿಗಮದ ವಕೀಲರು ಹಿಡಿದುಕೊಂಡದ್ದು 1874ರ ಪ್ರಿವಿ ಕೌನ್ಸಿಲ್ ತೀರ್ಪು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಕೇಸುಗಳ ಕೊನೆಯ ಮೇಲ್ಮನವಿ ಹೋಗುತ್ತಿದ್ದದ್ದು ಲಂಡನ್ನಿನ ಆ ಕೌನ್ಸಿಲ್‌ಗೆ. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ಹಾನಿಯಾಗಿತ್ತು. ಇಂಗ್ಲೆಂಡಿನಲ್ಲಿ ಆಗಷ್ಟೇ ಬಂದಿದ್ದ ನಿಯಮದ ಪ್ರಕಾರ, ತನ್ನ ಜಾಗದಲ್ಲಿ ನೀರು ಕೂಡಿಹಾಕಿದವನು ಅದು ತಪ್ಪಿಸಿಕೊಂಡರೆ ತಪ್ಪಿರಲಿ ಬಿಡಲಿ ಹೊಣೆ. ಕೌನ್ಸಿಲ್ ಅದನ್ನು ಇಲ್ಲಿಗೆ ಒಪ್ಪಲಿಲ್ಲ. ಈ ನಾಡಿನಲ್ಲಿ ಕೆರೆ ಇಲ್ಲದೆ ಬದುಕಿಲ್ಲ, ಜಮೀನ್ದಾರ ಕೆರೆಗಳನ್ನು ಕಾಪಾಡಲೇಬೇಕು, ಬೇಡ ಅಂತ ಬಿಡಲಾರ, ಹಾಗಾಗಿ ನಿರ್ಲಕ್ಷ್ಯ ಇದ್ದರೆ ಮಾತ್ರ ಹೊಣೆ ಅಂದಿತು. ನನಗೆ ಈ ತೀರ್ಪು ಇಷ್ಟವೇ ಆಯಿತು. ಕೆರೆಯ ಬೆಲೆ ಗೊತ್ತಿದ್ದವರು ಬರೆದ ಹಾಗಿದೆ. ನಮ್ಮ ಕೇಸಿಗೆ ಮಾತ್ರ ತೊಡಕು.

ಮೇಡಂ ಇಟ್ಟದ್ದು ಸುಪ್ರೀಂ ಕೋರ್ಟಿನ 1964ರ ತೀರ್ಪು, ಪಂಜಾಬ್ ರಾಜ್ಯ ಮತ್ತು ಮಾಡರ್ನ್ ಕಲ್ಟಿವೇಟರ್ಸ್ ನಡುವಿನದು. 1947ರಲ್ಲಿ ಪಶ್ಚಿಮ ಯಮುನಾ ಕಾಲುವೆಯ ದಂಡೆ ಒಡೆದು ಹೊಲಕ್ಕೆ ನೀರು ನುಗ್ಗಿದ ಕೇಸು. ನೋಡಿಕೊಂಡರೆ ಕಾಲುವೆಯ ದಂಡೆ ಸುಮ್ನೆ ಒಡೆಯುವುದಿಲ್ಲ. ಅದು ಯಾರ ಕೈಯಲ್ಲಿದೆಯೋ ಅವರೇ ಯಾಕೆ ಒಡೆಯಿತು ಅಂತ ಹೇಳಬೇಕು, ಹೇಳದಿದ್ದರೆ ನಿರ್ಲಕ್ಷ್ಯ ಅಂತ ಭಾವಿಸಬಹುದು ಅಂದಿತು ಕೋರ್ಟು. ಸರ್ಕಾರ ತನ್ನ ಬಳಿಯ ದಾಖಲೆಗಳನ್ನು ಕೊಡದೆ ಹಿಡಿದಿಟ್ಟದ್ದೂ ಅದರ ವಿರುದ್ಧವೇ ಹೋಯಿತು. ಎರಡೂ ತೀರ್ಪು ಒಟ್ಟಿಗೆ ನಿಲ್ಲುತ್ತವೆ, ನೋಡಿ. ನಿರ್ಲಕ್ಷ್ಯ ಬೇಕು ಅಂತ ಮೊದಲನೆಯದು. ಅದನ್ನು ರೈತ ನೆಲ ಅಗೆದು ತೋರಿಸಬೇಕಿಲ್ಲ ಅಂತ ಎರಡನೆಯದು.

ಪಾಟೀಸವಾಲಿನ ದಿನ ನಿಗಮದ ಸಾಕ್ಷಿಯ ಮುಂದೆ ಗೇಜ್ ಪುಸ್ತಕದ ಹಾಳೆ ಇಟ್ಟರು. ಬೆಳಗ್ಗೆ ಆರಕ್ಕೆ ಪೂರ್ತಿ ನೀರಿತ್ತಾ ಅಂತ ಕೇಳಿದರು. ದಾಖಲೆಯಂತೆ ಇತ್ತು ಅಂದರು. ಹಾಗಾದರೆ ನಾಲೆ ಒಡೆದಿರಲಿಲ್ಲವಾ? ಒಡೆದಿತ್ತು. ಆಮೇಲೆ ವಿಡಿಯೋ ಹಾಕಿದರು. ಅದು ಯಾವ ಫೋನಿನಲ್ಲಿ, ಹೇಗೆ ತೆಗೆದದ್ದು ಅಂತ ಹೇಳುವ ಸಾಕ್ಷ್ಯ ಕಾಯ್ದೆಯ ಪ್ರಮಾಣಪತ್ರ ಮೊದಲೇ ಸಲ್ಲಿಸಿದ್ದೆವು. ಹಳೆಯ ಕಾಯ್ದೆಯಲ್ಲಿ ಅದು 65ಬಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಅದಿಲ್ಲದೆ ಮೊಬೈಲ್ ವಿಡಿಯೋ ಕೋರ್ಟಿನಲ್ಲಿ ಬರೀ ಚಿತ್ರ. ಆ ರಾತ್ರಿ ಗೇಜನ್ನು ಯಾರೂ ನೋಡಿಯೇ ಇಲ್ಲ ಅನ್ನುವುದು ಅಲ್ಲಿಗೆ ಸಾಬೀತಾಯಿತು.

ಈ ಸುದ್ದಿ ಸಂಜೆಯೊಳಗೆ ಊರಲ್ಲಿ ಹಬ್ಬಿತು. ಅಷ್ಟು ದಿನ ಸುಮ್ಮನಿದ್ದ ಪಕ್ಕದ ಹೊಲದ ಇಬ್ಬರು ಮೂರು ವರ್ಷ ತುಂಬುವುದರೊಳಗೆ ತಾವೂ ದಾವೆ ಹಾಕಿದರು. ಒಂದು ವರ್ಷದ ತಕರಾರು ಅವರ ಕೇಸಿನಲ್ಲಿ ಎದ್ದಿದೆ. ಯಮುನಾ ಕಾಲುವೆ ತೀರ್ಪಿನಲ್ಲೇ ಅದಕ್ಕೆ ಉತ್ತರ ಇದೆ ಅನ್ನುತ್ತಾರೆ ಮೇಡಂ. ಅಲ್ಲೂ ಸರ್ಕಾರ ಇಂಥದ್ದೇ ಚಿಕ್ಕ ಕಾಲಮಿತಿ ಹೇಳಿತ್ತು, ಕೋರ್ಟು ಒಪ್ಪಿರಲಿಲ್ಲ.

ಇದರ ನಡುವೆ, 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಊರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅಣೆಕಟ್ಟೆಗಳಿಗಾದರೆ 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಇದೆ, ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ ಆಗಬೇಕು. ಆ ಕಾಯ್ದೆಯ ವ್ಯಾಖ್ಯಾನದಲ್ಲಿ ಕಾಲುವೆಗಳನ್ನು ಹೊರಗಿಟ್ಟಿದ್ದಾರೆ. ನಮ್ಮ ಹೊಲದ ತಲೆಯ ಮೇಲಿರುವುದು ಅಣೆಕಟ್ಟೆಯಲ್ಲ, ನಾಲೆ.

ತೀರ್ಪಿನಲ್ಲಿ ಬೆಳೆಯ ನಷ್ಟಕ್ಕೆ ರೈಸ್ ಮಿಲ್ಲಿನ ಹಳೆಯ ತೂಕದ ಚೀಟಿಗಳನ್ನು ಒಪ್ಪಿದರು. ಮರಳು ತೆಗೆಸಿದ ಜೆಸಿಬಿ, ಟ್ರ್ಯಾಕ್ಟರ್ ಬಿಲ್ಲು ಒಪ್ಪಿದರು. ಮುಂದಿನ ಬೇಸಿಗೆ ಬೆಳೆ ಹೋದದ್ದಕ್ಕೂ ಕೊಟ್ಟರು, ಯಾಕೆಂದರೆ ಕೋರ್ಟು ನೇಮಿಸಿದ ಕಮಿಷನರ್ ಬಂದು ನೋಡಿದಾಗ ಇನ್ನೂ ಮರಳಿತ್ತು. ಮೇಲ್ಮಣ್ಣಿನ ಸತ್ವ ಹೋದದ್ದಕ್ಕೆ ಕೇಳಿದ್ದನ್ನು ತಳ್ಳಿಹಾಕಿದರು. ಮೊದಲಿನ ಮಣ್ಣು ಪರೀಕ್ಷೆಯ ಚೀಟಿ ಯಾರ ಹತ್ತಿರ ಇರುತ್ತದೆ ಹೇಳಿ? ಆ ಮಣ್ಣು ಮೊದಲಿನಂತಾಗಿಲ್ಲ ಅಂತ ಅವ್ವ ಈಗಲೂ ಹೇಳುತ್ತಾರೆ. ಇಳುವರಿ ಅವರ ಮಾತನ್ನೇ ಹೇಳುತ್ತದೆ. ಬಂದಿದ್ದ ಪರಿಹಾರವನ್ನು ಕಳೆದು, ಉಳಿದದ್ದಕ್ಕೆ ದಾವೆ ಹಾಕಿದ ದಿನದಿಂದ ಶೇ 6 ಬಡ್ಡಿ.

ತೆಗೆದ ಮರಳು ಬದುವಿನ ಪಕ್ಕ ಗುಡ್ಡೆಯಾಗಿ ಬಿದ್ದಿದೆ. ಮಾರಿ ಖರ್ಚಿಗಾದರೂ ಮಾಡೋಣ ಅಂತ ವಿಚಾರಿಸಿದರೆ ಅದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕಂತೆ. ಕೇಳದೆ ಬಂದ ಮರಳನ್ನು ಕೇಳದೆ ಕಳಿಸುವಂತಿಲ್ಲ.

ನಿಗಮ ಮೇಲ್ಮನವಿ ಹಾಕಿ ತಡೆ ಕೇಳಿತು. ಡಿಕ್ರಿ ಹಣದ ಅರ್ಧವನ್ನು ಠೇವಣಿ ಇಡುವ ಷರತ್ತಿನ ಮೇಲೆ ತಡೆ ಸಿಕ್ಕಿತು, ಇಟ್ಟಿದ್ದಾರೆ. ಅದನ್ನು ನಾವು ಈಗಲೇ ತೆಗೆಯಬೇಕೆಂದರೆ ಜಾಮೀನು ಕೊಡಬೇಕು. ಅದೇ ಹೊಲದ ಪಹಣಿಯನ್ನು ಜಾಮೀನಿಗೆ ಕೊಡಬಹುದಾ ಅಂತ ಮೇಡಂ ಅವರನ್ನು ಕೇಳಿದ್ದೇನೆ. ಮುಂದಿನ ವಾಯಿದೆಗೆ ಅರ್ಜಿ ಹಾಕೋಣ ಅಂದಿದ್ದಾರೆ.